ಫೋಟೊ ಕೊಟ್ಟರೆ ಬರೀ 'ದೇರ್ ಈಸ್' ಸಾಲುಗಳು: ಪ್ಯಾರಾ ಬರೆಸುವುದು ಹೇಗೆ?

ಸೀಮೆಸುಣ್ಣ:
7ನೇ ತರಗತಿ, 40 ನಿಮಿಷದ ಪೀರಿಯಡ್. ಫೋಟೊ ನೋಡಿ ಇಂಗ್ಲಿಷಿನಲ್ಲಿ ಬರೆಯಿರಿ ಎಂದರೆ ಎಲ್ಲರದೂ ಒಂದೇ ರಾಗ: 'ದೇರ್ ಈಸ್ ಎ ಟ್ರೀ. ದೇರ್ ಈಸ್ ಎ ಬಾಯ್.' ಪದಗಳು ಗೊತ್ತು, ಪ್ಯಾರಾ ಆಗುತ್ತಿಲ್ಲ. ಏನು ಮಾಡಬಹುದು?

ಕೆಂಪುಶಾಯಿ:
ಮೊದಲು ಫೋಟೊ ಬದಲಿಸಿ. ಗುಡ್ಡ, ಹೊಳೆ, ಸೂರ್ಯಾಸ್ತದಲ್ಲಿ ಯಾರೂ ಏನೂ ಮಾಡುತ್ತಿರುವುದಿಲ್ಲ. ಕ್ರಿಯಾಪದಕ್ಕೆ ಕೆಲಸವಿಲ್ಲದಿದ್ದರೆ ಮಕ್ಕಳು ಸಾಮಾನಿನ ಪಟ್ಟಿಯನ್ನೇ ಬರೆಯುತ್ತಾರೆ. ಏನೋ ಅರ್ಧಕ್ಕೆ ನಿಂತಂತಿರುವ ಫೋಟೊ ಬೇಕು: ಮಳೆಯಲ್ಲಿ ಮುಚ್ಚಿದ ಬಾಗಿಲ ಮುಂದೆ ಹುಡುಗ, ಕೈಯಲ್ಲಿ ಮುರಿದ ಕೊಡೆ, ಒಂದೇ ಕಾಲಿಗೆ ಚಪ್ಪಲಿ.

ಅದನ್ನು ಬೋರ್ಡಿಗೆ ಅಂಟಿಸಿ, ಮಕ್ಕಳು ಹೇಳಿದ ಪದಗಳನ್ನು ಗೆರೆ ಎಳೆದು ಸುತ್ತಲೂ ಬರೆಯಿರಿ. 15-20 ಪದ, 8 ನಿಮಿಷ. ಕ್ರಿಯಾಪದಗಳಿಗೆ ಬೇರೆ ಬಣ್ಣ. (ಚಿತ್ರದಿಂದ ಪದ, ಪದದಿಂದ ವಾಕ್ಯ ಎಂದು ಕಲಿಸುವ ಎಮಿಲಿ ಕ್ಯಾಲ್‌ಹೌನ್ ಅವರ ಪಿಕ್ಚರ್ ವರ್ಡ್ ಇಂಡಕ್ಟಿವ್ ಮಾಡೆಲ್ ಶುರುವಾಗುವುದೂ ಹೀಗೆಯೇ.) ಆಮೇಲೆ ಮೂರು ಪ್ರಶ್ನೆ, ಒಂದೊಂದಕ್ಕೆ ಎರಡು ವಾಕ್ಯ: ಈಗ ಏನಾಗುತ್ತಿದೆ? ಮುಂಚೆ ಏನಾಯಿತು? ಇನ್ನೇನಾಗಲಿದೆ? 'ಈಸ್ ಸ್ಟ್ಯಾಂಡಿಂಗ್', 'ಬ್ರೋಕ್', 'ಈಸ್ ಗೋಯಿಂಗ್ ಟು ನಾಕ್' ಮೂರೂ ತಾವಾಗಿಯೇ ಬರುತ್ತವೆ. 'ದೇರ್ ಈಸ್' ಒಂದೇ ಸಲ ಎಂದು ಮೊದಲೇ ಹೇಳಿಬಿಡಿ.

ಅಲ್ಪವಿರಾಮ:
ಆ ಆರು ವಾಕ್ಯಗಳನ್ನು ಜೋಡಿಸಿ ನಾಲ್ಕಕ್ಕೆ ಇಳಿಸಲು ಹೇಳಿ, ಪ್ಯಾರಾ ಆಗುವುದು ಅಲ್ಲೇ. ಆದರೆ 'ಸೋ' ಮೊದಲು ಕಲಿಸಿ, 'ಬಿಕಾಸ್' ಆಮೇಲೆ. 'ಕೊಡೆ ಮುರಿದದ್ದರಿಂದ ನೆನೆದ' ಎನ್ನುವಾಗ ನಮ್ಮಲ್ಲಿ ಕಾರಣ ಮುಂದೆ ಬರುತ್ತದೆ. 'ಸೋ'ಗೂ ಅದೇ ಕ್ರಮ. 'ಬಿಕಾಸ್' ನಡುವೆ ಬಂದರೆ ಕಾರಣ ಹಿಂದಕ್ಕೆ ಹೋಗಬೇಕು. ಮಕ್ಕಳು ಅದೇ ಕನ್ನಡದ ಕ್ರಮದಲ್ಲಿ 'ದಿ ಅಂಬ್ರೆಲಾ ಬ್ರೋಕ್ ಬಿಕಾಸ್ ಹೀ ಗಾಟ್ ವೆಟ್' ಎಂದು ಬರೆದುಬಿಡುತ್ತಾರೆ. ವ್ಯಾಕರಣ ಸರಿ, ಅರ್ಥ ತಲೆಕೆಳಗು.

ಇನ್ನೊಂದು: 'ಇಂಗ್' ಅಭ್ಯಾಸ ಹೆಚ್ಚಾದರೆ 'ಹೀ ಹ್ಯಾಸ್' ಎನ್ನಬೇಕಾದ ಕಡೆ 'ಹೀ ಈಸ್ ಹ್ಯಾವಿಂಗ್ ಆ್ಯನ್ ಅಂಬ್ರೆಲಾ' ಶುರು. ಹಾಗಂತ ಎಲ್ಲಕ್ಕೂ ಕೆಂಪು ಗೆರೆ ಬೇಡ, ಒಂದು ಸಲಕ್ಕೆ ಒಂದೇ ಬಗೆಯ ತಪ್ಪು ತಿದ್ದಿ.

ಸೀಮೆಸುಣ್ಣ:
ಪ್ರೊಜೆಕ್ಟರ್ ಇಲ್ಲ. ಜೆರಾಕ್ಸ್ ನಡೆಯುತ್ತದೆಯೇ?

ಕೆಂಪುಶಾಯಿ:
ನಡೆಯುತ್ತದೆ, ನಾಲ್ವರಿಗೆ ಒಂದು ಎ4. ಆದರೆ ಕಪ್ಪು-ಬಿಳುಪಿನಲ್ಲಿ ನೆರಳಿರುವ ಕಡೆ ಮಸಿಯಾಗಿ ಮುಖವೇ ಕಾಣುವುದಿಲ್ಲ. ಪ್ರಿಂಟ್ ತೆಗೆಯುವ ಮೊದಲು ಬ್ರೈಟ್‌ನೆಸ್ ಏರಿಸಿ. ಎರಡು ಬೇರೆ ಫೋಟೊ ಹಂಚಿದರೆ ಇನ್ನೂ ಲಾಭ: ಒಬ್ಬರು ಬರೆದದ್ದನ್ನು ಓದಲಿ, ಫೋಟೊ ನೋಡದ ಇನ್ನೊಬ್ಬರು ಕೇಳಿ ಚಿತ್ರ ಬಿಡಿಸಲಿ. ಚಿತ್ರದಲ್ಲಿ ಹುಡುಗನಿಗೆ ಎರಡೂ ಚಪ್ಪಲಿ ಇದ್ದರೆ, ಬರಹದಲ್ಲಿ ಏನು ಬಿಟ್ಟುಹೋಗಿದೆ ಎಂದು ನೀವು ಹೇಳಬೇಕಾಗಿಲ್ಲ.