ಹೊಸ ಮನೆಯ ಹೊರಗೋಡೆಗಳಿಗೆ ಒಳಗಿನಿಂದ ಥರ್ಮೋಕೋಲ್ ಹಾಕಿಸಬೇಕೇ? (ಮಡಿಕೇರಿ ಸಮೀಪ)

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಗಾಳಿಬೀಡು ಕಡೆ ಕಟ್ಟಿಸಿದ ಮನೆಗೆ ಕಳೆದ ಜನವರಿಯಲ್ಲಿ ಗೃಹಪ್ರವೇಶ ಮಾಡಿದೆವು. ಗೋಡೆ 8 ಇಂಚಿನ ಸಾಲಿಡ್ ಸಿಮೆಂಟ್ ಬ್ಲಾಕ್‌ನದು, ಎರಡೂ ಕಡೆ ಗಾರೆಯಾಗಿದೆ. ಮಾಡಿಗೆ ಮಂಗಳೂರು ಹೆಂಚು, ಸೀಲಿಂಗ್ ಇಲ್ಲ. ತಾಯಿಯವರು ಮಲಗುವ ನೈಋತ್ಯದ ಕೋಣೆಯಲ್ಲಿ ಚಳಿಗಾಲದ ರಾತ್ರಿ ಗೋಡೆ ಮುಟ್ಟಿದರೆ ಕೈ ಕೊರೆಯುತ್ತಿತ್ತು. ಈಗ ಆಗಸ್ಟ್‌ನಲ್ಲಿ ಮಂಚದ ಹಿಂದೆ ಬೂಷ್ಟು ಹಿಡಿದಿದೆ. ಎಲ್ಲ ಹೊರಗೋಡೆಗಳ ಒಳಮೈಗೆ 50 ಮಿ.ಮೀ. ಥರ್ಮೋಕೋಲ್ ಕೂರಿಸಿ ಮೇಲೆ ಜಿಪ್ಸಂ ಬೋರ್ಡ್ ಹೊಡೆದರೆ ಚಳಿ, ಬೂಷ್ಟು ಎರಡೂ ಹೋಗುತ್ತವೆ ಎಂದು ಗುತ್ತಿಗೆದಾರರು ಹೇಳುತ್ತಿದ್ದಾರೆ. ಒಪ್ಪಿಕೊಳ್ಳಬಹುದೇ?

ಉತ್ತರ:
ಸರ್, ದಯವಿಟ್ಟು ಈಗಲೇ ಒಪ್ಪಿಕೊಳ್ಳಬೇಡಿ. ಥರ್ಮೋಕೋಲ್ ಶಾಖವನ್ನು ತಡೆಯುತ್ತದೆ ಎಂಬುದು ನಿಜ. ನಿಮ್ಮಂಥ ಗೋಡೆಗೆ 50 ಮಿ.ಮೀ. ಹಾಕಿದರೆ ಗೋಡೆಯ ಮೂಲಕ ಹೋಗುವ ಶಾಖ ಕಾಲುಭಾಗಕ್ಕಿಂತಲೂ ಕಡಿಮೆಯಾಗುತ್ತದೆ. ಆದರೆ ಅದು ಒಳಗೆ ಇರುವ ಶಾಖವನ್ನು ಉಳಿಸಬಲ್ಲದೇ ಹೊರತು ಹೊಸದಾಗಿ ಹುಟ್ಟಿಸಲಾರದು. ನಮ್ಮ ಮನೆಗಳಲ್ಲಿ ರಾತ್ರಿಯಿಡೀ ಹೀಟರ್ ಉರಿಯುವುದಿಲ್ಲ. ಇರುವ ಅಲ್ಪ ಬಿಸಿಯೂ ಸೀಲಿಂಗ್ ಇಲ್ಲದ ಕೋಣೆಯಲ್ಲಿ ಮೇಲೇರಿ ಹೆಂಚಿನ ಸಂದುಗಳಿಂದ ಹೊರಟುಹೋಗುತ್ತದೆ.

ನನಗೆ ಹೆಚ್ಚು ಚಿಂತೆಯಾಗಿರುವುದು ಮಳೆಯ ವಿಷಯದಲ್ಲಿ. ನಮ್ಮಲ್ಲಿ ಮುಂಗಾರಿನ ಗಾಳಿಮಳೆ ನೈಋತ್ಯದಿಂದಲೇ ಬಡಿಯುತ್ತದೆ. ಗಾರೆಯ ಕೂದಲೆಳೆಯಂಥ ಬಿರುಕುಗಳಿಂದ ನೀರು ಕುಡಿದ ಬ್ಲಾಕ್ ಗೋಡೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗಡೆಗೆ ಒಣಗಲು ಅವಕಾಶವೇ ಇಲ್ಲದೆ, ಸ್ವಲ್ಪಮಟ್ಟಿಗಾದರೂ ಒಳಗಡೆಗೆ ಒಣಗುತ್ತಿರುತ್ತದೆ. ಆ ಒಂದೇ ದಾರಿಯನ್ನು ಥರ್ಮೋಕೋಲ್ ಮುಚ್ಚಿದರೆ ಬ್ಲಾಕ್ ಇನ್ನಷ್ಟು ತಣ್ಣಗಾಗಿ, ಇನ್ನಷ್ಟು ಒದ್ದೆಯಾಗಿ ಉಳಿಯುತ್ತದೆ. ಬೂಷ್ಟು ಹೋಗುವುದಿಲ್ಲ, ಬೋರ್ಡಿನ ಹಿಂದೆ ಕಣ್ಣಿಗೆ ಕಾಣದಂತೆ ಬೆಳೆಯುತ್ತದೆ. ಅಲ್ಲಿ ಇಲಿ ಗೂಡು ಮಾಡಿದರೂ ತಿಳಿಯುವುದಿಲ್ಲ. ಐನ್‌ಮನೆಗಳು (ಕೊಡವರ ಹಳೆಯ ಕುಟುಂಬದ ಮನೆಗಳು) ಬೆಚ್ಚಗಿರುವುದು ಗೋಡೆ ದಪ್ಪವಾಗಿರುವುದರಿಂದ ಎಂದು ಎಲ್ಲರೂ ಹೇಳುತ್ತಾರೆ. ಚಾಚಿದ ಸೂರು ಮತ್ತು ಕೈಸಾಲೆಯಿಂದಾಗಿ (ಮುಂದಿನ ಜಗಲಿ) ಗೋಡೆಗೆ ಮಳೆಯೇ ತಾಗುವುದಿಲ್ಲ ಎಂಬುದನ್ನು ಮರೆಯುತ್ತಾರೆ.

ಮೊದಲು ಈ ಪರೀಕ್ಷೆ ಮಾಡಿ. ಒಂದು ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಯ ಒಳಮೈಗೆ ನಾಲ್ಕೂ ಅಂಚು ಟೇಪಿನಿಂದ ಬಿಗಿಯಾಗಿ ಅಂಟಿಸಿ, ಮೂರು ದಿನ ಬಿಡಿ. ಹಾಳೆಯ ಹಿಂದೆ ಹನಿ ಕಂಡರೆ ನೀರು ಗೋಡೆಯಿಂದ ಬರುತ್ತಿದೆ. ಕೋಣೆಯ ಕಡೆ ಹನಿ ಕಂಡರೆ ಒಳಗಿನ ಗಾಳಿಯ ತೇವ ತಣ್ಣನೆಯ ಮೈಗೆ ತಾಗಿ ನೀರಾಗುತ್ತಿದೆ. ಕೋಣೆ 20 ಡಿಗ್ರಿ ಇದ್ದು ಗಾಳಿಯ ತೇವಾಂಶ ಶೇ. 80 ಇದ್ದರೆ, ಗೋಡೆ ಸುಮಾರು 16 ಡಿಗ್ರಿಗೆ ಇಳಿದರೆ ಸಾಕು, ಬೆವರುತ್ತದೆ. ಬೇರೆ ದಿಕ್ಕಿನ ಗೋಡೆಗಳಿಗೂ ಒಂದೊಂದು ಹಾಳೆ ಅಂಟಿಸಿ. ಎಲ್ಲದರ ಹಿಂದೆಯೂ ಸಮನಾಗಿ ತೇವವಿದ್ದರೆ ಅದು ಕಟ್ಟುವಾಗಿನ ನೀರು ಇನ್ನೂ ಒಣಗದಿರುವುದರ ಗುರುತಾಗಿರಬಹುದು.

ಪ್ರಶ್ನೆ ಕೇಳಿದವರು:
ಮೂರು ದಿನ ಬಿಟ್ಟು ನೋಡಿದೆ. ತಾಯಿಯವರ ಕೋಣೆಯ ದಕ್ಷಿಣ ಮತ್ತು ಪಶ್ಚಿಮ ಗೋಡೆಗಳಲ್ಲಿ ಹಾಳೆಯ ಹಿಂದೆ ಹನಿಗಳು ಸಾಲುಗಟ್ಟಿವೆ. ಪೂರ್ವ, ಉತ್ತರದ ಗೋಡೆಗಳು ಒಣಗಿವೆ. ಹೊರಗಡೆ ಸೂರು ಒಂದೂವರೆ ಅಡಿ ಮಾತ್ರ ಚಾಚಿದೆ.

ಉತ್ತರ:
ಹಾಗಾದರೆ ಅದು ಮಳೆಯ ನೀರೇ ಸರ್. ಥರ್ಮೋಕೋಲ್‌ಗೆ ಇಟ್ಟ ಹಣವನ್ನು ಆ ಎರಡು ಬದಿಗಳಲ್ಲಿ ಸೂರನ್ನು ಮೂರೂವರೆ, ನಾಲ್ಕು ಅಡಿಗೆ ಚಾಚುವುದಕ್ಕೆ ಬಳಸಿ. ಮಳೆ ನಿಂತು ಗೋಡೆ ಒಣಗಿದ ಮೇಲೆ ಹೊರಗಿನ ಬಿರುಕುಗಳನ್ನು ಮುಚ್ಚಿಸಿ, ಮಳೆನೀರನ್ನು ತಡೆದರೂ ಒಳಗಿನ ಆವಿಯನ್ನು ಹೊರಬಿಡುವಂಥ ಬಣ್ಣವನ್ನೇ ಕೇಳಿ ಹೊಡೆಸಿ. ಉಳಿದ ಹಣದಲ್ಲಿ ತಾಯಿಯವರ ಕೋಣೆಗೆ ಸೀಲಿಂಗ್ ಮಾಡಿಸಿ, ಅದರ ಮೇಲೆ 50 ಮಿ.ಮೀ. ರಾಕ್‌ವೂಲ್ (ಶಾಖ ತಡೆಯುವ ಕಲ್ಲುನಾರಿನ ಹಾಸು) ಹಾಸಿ; ಅದು ಹೆಂಚಿಗೆ ತಾಗದಿರಲಿ, ನಡುವೆ ಗಾಳಿಯಾಡಬೇಕು. ಚಳಿಗೆ ಮೊದಲ ಮದ್ದು ಅದೇ.

ಮಂಚವನ್ನು ಇವತ್ತೇ ಪೂರ್ವದ ಗೋಡೆಯ ಕಡೆಗೆ ಸರಿಸಿ. ದಕ್ಷಿಣ, ಪಶ್ಚಿಮ ಗೋಡೆಗಳ ಒಳಮೈಯನ್ನು ಮುಂದಿನ ಮಳೆಗಾಲ ಮುಗಿಯುವವರೆಗೆ ಬರಿಯ ಸುಣ್ಣದಲ್ಲೇ ಬಿಟ್ಟು, ಬರುವ ಆಗಸ್ಟ್‌ನಲ್ಲಿ ಮತ್ತೊಮ್ಮೆ ಹಾಳೆ ಅಂಟಿಸಿ ನೋಡಿ, ಫಲಿತಾಂಶವನ್ನು ಇಲ್ಲಿಯೇ ತಿಳಿಸಿ.