ಹಳೇ 100-400 ಲೆನ್ಸ್ ಇಟ್ಕೊಳ್ಳೋದಾ, ಅದ್ರ ಮಾರ್ಕ್ 2ಗೆ ಹೋಗೋದಾ?

ಸಿರಾಗೇಟ್:
ಎಲ್ರಿಗೂ ನಮಸ್ಕಾರ. ನನ್ಹತ್ರ ಕ್ಯಾನನ್ ಸೆವೆನ್ ಡಿ ಮಾರ್ಕ್ 2 ಬಾಡಿ ಐತೆ, ಅದಕ್ಕೆ ಹಳೇ 100-400 ಎಂಎಂ ಎಲ್ ಜೂಮ್ ಲೆನ್ಸು. 1998ರಲ್ಲಿ ಬಂತಲ್ಲ, ಜೂಮ್ ತಿರುಗ್ಸೋ ಹಂಗಿಲ್ಲ, ಮುಂದಕ್ಕೆ ತಳ್ಳಿ ಹಿಂದಕ್ಕೆ ಎಳೀಬೇಕು, ಅದು. ಈಗ ಪರಿಚಯದವ್ರೊಬ್ರು ಇದೇ 100-400ರ ಮಾರ್ಕ್ 2 ಲೆನ್ಸ್ ತಮ್ಮದನ್ನ ಕೊಡ್ತೀನಿ ಅಂತಿದಾರೆ, 2014ರಲ್ಲಿ ಬಂದ ಮಾಡೆಲ್ಲು, ನನ್ನ ಹಳೇದನ್ನ ಮಾರಿದ್ರೂ ಮೇಲೆ ಚೆನ್ನಾಗೇ ದುಡ್ಡು ಹಾಕ್ಬೇಕಾಗತ್ತೆ, ಮನೇಲೂ ಒಪ್ಪಿಸ್ಬೇಕು, ಅದಕ್ಕೇ ಕೇಳ್ತಿರೋದು.

ನಾನು ಜಾಸ್ತಿ ಹೋಗೋದು ನಮ್ಮ ತುಮಕೂರು ಜಿಲ್ಲೆಯ ಕಗ್ಗಲಡು, ಮೈದನಹಳ್ಳಿ, ದೇವರಾಯನದುರ್ಗ. ತೊಂದ್ರೆ ಏನಂದ್ರೆ 400ರಲ್ಲಿ ಎಫ್ 5.6 ಇಟ್ರೆ, ಅಂದ್ರೆ ಲೆನ್ಸ್ ಕಿಂಡಿ ಪೂರ್ತಿ ತೆರೆದ್ರೆ, ಗರಿಯ ಎಳೆ ಬಿಡಿಬಿಡಿಯಾಗಿ ಬರಲ್ಲ, ಒಂಥರಾ ಮಬ್ಬು. ಎಫ್ 8 ಇಟ್ಟು ಕಿಂಡಿ ಸಣ್ಣ ಮಾಡಿದ್ರೆ ಪರವಾಗಿಲ್ಲ, ಆದ್ರೆ ದುರ್ಗದಲ್ಲಿ ಬೆಳಗ್ಗೆ ಹಳದಿ ಕೊರಳಿನ ಪಿಕಳಾರ ಹಕ್ಕಿ ಬಂಡೆ ಸಂದಿ ಪೊದೇಲಿ ಕೂತಿರೋ ಹೊತ್ತಿಗೆ ಬೆಳಕೇ ಇರಲ್ಲ, ಐಎಸ್‌ಒ (ಸೆನ್ಸರಿನ ಬೆಳಕಿನ ಸೂಕ್ಷ್ಮತೆ) ಏರಿಸ್ತಾ ಹೋದ್ರೆ ಫೋಟೋ ತುಂಬ ನಾಯ್ಸು, ಕಾಳು ಕಾಳು. ಲೆನ್ಸ್ ಬದಲಾಯಿಸಿದ್ರೆ ನಿಜವಾಗ್ಲೂ ವ್ಯತ್ಯಾಸ ಕಾಣತ್ತಾ? ಎರಡೂ 400, ಎರಡೂ ಎಫ್ 5.6 ತಾನೇ?

ಮಧುಗಿರಿ ಸೀಮೆ:
ಅಣ್ಣ, ಮೊದ್ಲು ಯಾವ ಜಾಗದ ಫೋಟೋ ಹಾಳಾಗ್ತಿದಾವೆ ಅಂತ ಬೇರೆ ಬೇರೆ ಮಾಡಿ ನೋಡಿ. ಮೈದನಹಳ್ಳಿದಾದ್ರೆ ಲೆನ್ಸಿಗೆ ಒಂದ್ರೂಪಾಯಿನೂ ಹಾಕ್ಬೇಡಿ. ಅದು ಬಟಾಬಯಲು ಹುಲ್ಲುಗಾವಲು, ಬಿಸಿಲು ಏರ್ತಿದ್ದಂಗೆ ನೆಲದಿಂದ ಬಿಸಿಗಾಳಿ ಅಲೆ ಅಲೆಯಾಗಿ ಏಳತ್ತೆ, ದೂರದಲ್ಲಿರೋ ಕೃಷ್ಣಮೃಗದ ಕಾಲು, ಕೊಂಬಿನ ತಿರುಪು ಎಲ್ಲಾ ಕದಡಿಹೋಗತ್ತೆ. ಅದು ಮಧ್ಯದ ಗಾಳಿ ಮಾಡೋ ಕೆಲ್ಸ, ಎಷ್ಟು ಲಕ್ಷದ ಲೆನ್ಸ್ ಹಾಕಿದ್ರೂ ಹಂಗೇ ಬರೋದು. ಬೆಳಕು ಹರಿಯೋ ಹೊತ್ತಿಗೆ ಅಲ್ಲಿರ್ಬೇಕು, ದೂರ ಕಮ್ಮಿ ಇರ್ಬೇಕು, ಅಷ್ಟೇ ದಾರಿ.

ಕಗ್ಗಲಡು ಬಗ್ಗೆನೂ ಹೇಳ್ತೀನಿ. ಅಲ್ಲಿ ಬಣ್ಣದ ಕೊಕ್ಕರೆಗಳು ಗೂಡು ಕಟ್ಟೋದು ಊರೊಳಗಿನ ಹುಣಸೆ ಮರಗಳ ಮೇಲೆ, ಮನೆಗಳ ಪಕ್ಕದಲ್ಲೇ. ಊರಿನವ್ರು ಅವುನ್ನ ಅಷ್ಟು ಜೋಪಾನ ಮಾಡ್ಕೊಂಡು ಬಂದಿದಾರೆ. ಬೆಳಕೂ ಚೆನ್ನಾಗಿರತ್ತೆ, ಹಳೇ ಲೆನ್ಸಲ್ಲೇ ಎಫ್ 8 ಇಟ್ಟು ಹೊಡೀರಿ, ಸಾಕಾಗತ್ತೆ. ಉಳಿದಿದ್ದು ದುರ್ಗ ಒಂದೇ.

ಬೆಳಕಿನ ಬೆನ್ನು:
ಮೇಲಿನವ್ರು ಹೇಳಿದ್ದು ಸರಿ ಇದೆ, ಆದ್ರೆ ಆ ದುರ್ಗದ ವಿಷಯಕ್ಕೇ ನಾನು ತಗೊಳ್ಳಿ ಅಂತೀನಿ. 400, 5.6 ಎರಡ್ರಲ್ಲೂ ಒಂದೇ, ನಿಜ. ಬದಲಾಗಿರೋದು ಬೇರೆ. ಹಳೇದ್ರ ಐಎಸ್, ಅಂದ್ರೆ ಕೈ ನಡುಕ ತಡಿಯೋ ವ್ಯವಸ್ಥೆ, ಸುಮಾರು ಎರಡು ಸ್ಟಾಪು (ಒಂದು ಸ್ಟಾಪು ಅಂದ್ರೆ ಬೆಳಕು ಎರಡರಷ್ಟು), ಹೊಸದ್ರದ್ದು ನಾಲ್ಕು ಸ್ಟಾಪು ಅಂತ ಕಂಪನಿ ಲೆಕ್ಕ. ನಿಮ್ಮ ಬಾಡಿ ಕ್ರಾಪು, ಅಂದ್ರೆ ಸೆನ್ಸರ್ ಚಿಕ್ಕದು, 400 ಅಂದ್ರೆ 640 ನೋಡಿದಂಗೆ, ಕೈಯಲ್ಲಿ ಹಿಡಿದ್ರೆ ಐಎಸ್ ಇಲ್ದೆ 1/640 ಸೆಕೆಂಡ್ ಶಟರ್ ವೇಗ ಬೇಕು ಅಂತಿಟ್ಕೊಳ್ಳಿ. ಹಳೇದ್ರಲ್ಲಿ 1/160 ತನಕ ಇಳೀಬೋದು, ಹೊಸದ್ರಲ್ಲಿ 1/40 ಅಂತ ಲೆಕ್ಕ, ಅಷ್ಟು ಬೇಡ, 1/80 ಅಂತಲೇ ಅನ್ಕೊಳ್ಳಿ. ಐಎಸ್‌ಒ ಅರ್ಧಕ್ಕೆ ಬಂತಲ್ಲ. ಸುಮ್ನೆ ಕೂತಿರೋ ಪಿಕಳಾರಕ್ಕೆ ಇದು ದೊಡ್ಡ ಲಾಭ. ಹಾರೋ ಕೊಕ್ಕರೆಗೆ ಮಾತ್ರ ಇದ್ರಿಂದ ಏನೂ ಉಪಯೋಗ ಇಲ್ಲ, ಅದಕ್ಕೆ 1/1600 ಬೇಕೇ ಬೇಕು, ಐಎಸ್ ನಿಮ್ಮ ಕೈ ನಡುಕ ತಡಿಯತ್ತೇ ಹೊರತು ಹಕ್ಕಿ ರೆಕ್ಕೇನ ನಿಲ್ಸಲ್ಲ.

ಜೊತೆಗೆ 400ರಲ್ಲಿ ಪೂರ್ತಿ ತೆರೆದು ಹೊಡೆದ್ರೂ ಹೊಸದು ಶಾರ್ಪು. ಹಳೇದು 1.8 ಮೀಟರ್‌ಗಿಂತ ಹತ್ತಿರ ಫೋಕಸ್ ಆಗಲ್ಲ, ಇದು 98 ಸೆಂಟಿಮೀಟರ್ ತನಕ ಹೋಗತ್ತೆ. ದುರ್ಗದ ನಾಮದ ಚಿಲುಮೆ ಹತ್ರ ಚಿಟ್ಟೆ ಸಿಕ್ಕಿದ್ರೆ ಬೇರೆ ಮ್ಯಾಕ್ರೋ ಲೆನ್ಸ್ ಹುಡುಕೋ ಹಂಗೇ ಇಲ್ಲ, ರೆಕ್ಕೆ ಮೇಲಿನ ಪುಡಿ ಕಾಣೋಷ್ಟು ಅಲ್ದಿದ್ರೂ ಫ್ರೇಮ್ ತುಂಬ ಬರತ್ತೆ. ತೂಕ ಒಂದು ಸ್ವಲ್ಪ ಜಾಸ್ತಿ, 1380 ಗ್ರಾಮ್ ಇದ್ದಿದ್ದು 1570.

ಒಂದು ಕೇಳ್ತೀನಿ, ಹಳೇ ಲೆನ್ಸ್ ಮುಂದೆ ಯುವಿ ಫಿಲ್ಟರ್ ಇದ್ಯಾ? ಆ ಲೆನ್ಸಿಗೂ ಅಗ್ಗದ ಫಿಲ್ಟರ್‌ಗೂ ಆಗಿಬರಲ್ಲ, 400ರಲ್ಲಿ ನೀವು ಹೇಳೋ ಮಬ್ಬು ಬರೋದು ಎಷ್ಟೋ ಸಲ ಅದ್ರಿಂದ್ಲೇ. ತೆಗೆದು ನೋಡಿ. ಬಾಡೀಲಿ ಎಎಫ್ ಮೈಕ್ರೋ ಅಡ್ಜಸ್ಟ್‌ಮೆಂಟ್ ಇದೆ, ಫೋಕಸ್ ಹಿಂದೆ ಮುಂದೆ ಬೀಳ್ತಿದ್ರೆ ಸರಿ ಮಾಡೋ ಸೆಟ್ಟಿಂಗು, 100ಕ್ಕೊಂದು 400ಕ್ಕೊಂದು ಬೇರೆ ಬೇರೆ ಕೊಡ್ಬೋದು, ಅದನ್ನೂ ಮಾಡಿ.

ನಂದಿ ತಪ್ಪಲು:
ಚಿಕ್ಕಬಳ್ಳಾಪುರದಿಂದ. ನನ್ ಅಭಿಪ್ರಾಯ ಬೇರೆ. ಇಷ್ಟು ದುಡ್ಡು ಹಾಕೋದಾದ್ರೆ ಬಾಡಿ ಬದಲಾಯ್ಸಿ ಸಾರ್. ಕ್ಯಾನನ್ನ ಮಿರರ್‌ಲೆಸ್ ಬಾಡಿ ಆರ್ ಸೆವೆನ್ ತಗೊಂಡು ಅಡಾಪ್ಟರ್ ಹಾಕಿ ಇದೇ ಹಳೇ ಲೆನ್ಸ್ ಕೂರಿಸ್ಬೋದು, ಹಕ್ಕಿ ಕಣ್ಣನ್ನ ಅದೇ ಹುಡ್ಕತ್ತೆ, ಮೈಕ್ರೋ ಅಡ್ಜಸ್ಟ್‌ಮೆಂಟ್ ಗೋಜೂ ಇಲ್ಲ, ಯಾಕಂದ್ರೆ ಫೋಕಸ್ ನೋಡೋದು ಸೆನ್ಸರ್ ಮೇಲೇನೇ. ನಂದಿ ಬೆಟ್ಟದ ಮಂಜಲ್ಲಿ ಕೊಂಬೆ ಒಳಗಿರೋ ಹಕ್ಕಿ ಬಿಟ್ಟು ಮುಂದಿನ ಎಲೆಗೆ ಫೋಕಸ್ ಹೋಗೋದು ನನ್ನ ದೊಡ್ಡ ಕಷ್ಟ ಆಗಿತ್ತು, ಅದು ಕಮ್ಮಿ ಆಗಿದ್ದು ಬಾಡಿಯಿಂದ.

ಬೆಳಕಿನ ಬೆನ್ನು:
ಫೋಕಸ್ ವಿಷಯ ಒಪ್ತೀನಿ. ಆದ್ರೆ ಆರ್ ಸೆವೆನ್ 32.5 ಮೆಗಾಪಿಕ್ಸೆಲ್ಲು, ಇವ್ರ ಬಾಡಿ 20.2. 400ರಲ್ಲಿ ಮೊದ್ಲೇ ಮಬ್ಬಾಗಿರೋ ಲೆನ್ಸನ್ನ ಅಷ್ಟು ಒತ್ತೊತ್ತಾದ ಸೆನ್ಸರ್ ಮುಂದೆ ಇಟ್ರೆ ಝೂಮ್ ಮಾಡಿ ನೋಡ್ದಾಗ ಮಬ್ಬು ಇನ್ನೂ ಎದ್ದು ಕಾಣತ್ತೆ. ಮಾರ್ಕ್ 2 ಲೆನ್ಸ್ ಇವತ್ತು ತಗೊಂಡ್ರೆ ನಾಳೆ ಆರ್ ಸೆವೆನ್‌ಗೂ ಅದೇ ಅಡಾಪ್ಟರಲ್ಲಿ ಕೂರತ್ತೆ. ಮೊದ್ಲು ಗಾಜು, ಆಮೇಲೆ ಬಾಡಿ.

ಸಿರಾಗೇಟ್:
ಎಲ್ರಿಗೂ ಥ್ಯಾಂಕ್ಸ್. ಫಿಲ್ಟರ್ ತೆಗೆದು ಮನೆ ಟೆರೇಸಿಂದ ಎದುರುಗಡೆ ತೆಂಗಿನ ಗರಿ ಮೇಲಿದ್ದ ಕಾಗೆ ತೆಗೆದ್ನೋಡ್ದೆ, ವ್ಯತ್ಯಾಸ ಐತೆ, ಕೊಕ್ಕಿನ ಬುಡದ ಸಣ್ಣ ಕೂದ್ಲೂ ಕಾಣ್ತಿದಾವೆ. ಕಗ್ಗಲಡುಗೆ ಇದೇ ಸಾಕು ಅನ್ಸ್ತು. ಆದ್ರೂ ಬೆಳಗಿನ ಬೆಳಕಿಗೆ, ಆ ಹತ್ತಿರದ ಫೋಕಸ್ಸಿಗೆ ಮನಸ್ಸು ಮಾರ್ಕ್ 2 ಕಡೆಗೇ ಇದೆ, ನನಗೆ ಆ ಪಿಕಳಾರದ ಒಂದು ಒಳ್ಳೆ ಫೋಟೋ ಬೇಕೇ ಬೇಕು. ಸೆಕೆಂಡ್ ಹ್ಯಾಂಡ್ ನೋಡುವಾಗ ಏನೇನು ಪರೀಕ್ಷೆ ಮಾಡ್ಬೇಕು?

ಮಧುಗಿರಿ ಸೀಮೆ:
ನಿಮ್ಮ ಬಾಡಿ ತಗೊಂಡೇ ಹೋಗಿ. ಟಾರ್ಚನ್ನ ಹಿಂದಿನ ಗಾಜಿಂದ ಓರೆಯಾಗಿ ಬಿಟ್ಟು ಮುಂದಿಂದ ನೋಡಿ, ಒಳಗೆ ಬಲೆ ಥರ ಬಿಳಿ ಎಳೆ ಕಂಡ್ರೆ ಫಂಗಸ್ಸು, ಅಲ್ಲಿಗೇ ಬಿಟ್ಬಿಡಿ. ಸಣ್ಣ ಧೂಳು ಎರಡ್ಮೂರು ಕಣ ಇದ್ರೆ ಫೋಟೋಗೆ ಏನೂ ಆಗಲ್ಲ. ಜೂಮ್ ಬಿಗಿ ಮಾಡೋ ರಿಂಗ್ ತಿರುಗ್ಸಿ ಲೆನ್ಸ್ ಮೂತಿ ಕೆಳಗ್ಮಾಡಿ, ತಾನಾಗೇ ಜಾರ್ಬಾರ್ದು. ಐಎಸ್ ಆನ್ ಮಾಡಿ ಶಟರ್ ಅರ್ಧ ಒತ್ತಿ, ವ್ಯೂಫೈಂಡರಲ್ಲಿ ಚಿತ್ರ ನಿಂತ್ಕೋಬೇಕು, ಗರಗರ ಶಬ್ದ ಬಂದ್ರೆ ಕೇಳಿ. ಆಮೇಲೆ ಇಟ್ಟಿಗೆ ಗೋಡೆ ಮುಂದೆ ಟ್ರೈಪಾಡ್ ಹಾಕಿ 400, ಎಫ್ 5.6ರಲ್ಲಿ ತೆಗೆದು ನಾಲ್ಕೂ ಮೂಲೆ ಹೋಲ್ಸಿ ನೋಡಿ, ಒಂದು ಮೂಲೆ ಮಾತ್ರ ಕದಡಿದ್ರೆ ಎಲ್ಲೋ ಬಿದ್ದಿರೋ ಲೆನ್ಸು. ಎಲ್ಲಾ ಸರಿ ಇದ್ರೆ ದುಡ್ಡು ಕೊಡೋಕೆ ಮುಂಚೆ ಒಂದು ಬೆಳಗ್ಗೆ ದುರ್ಗಕ್ಕೆ ಒಯ್ಯೋಕೆ ಕೊಡ್ತಾರಾ ಕೇಳಿ, ಪರಿಚಯದವ್ರು ಅಂದ್ರಲ್ಲ, ಕೊಟ್ಟೇ ಕೊಡ್ತಾರೆ.