ತಾಲಿಬಾನ್: ‘ಹ್ಯಾಸ್’ ಬರೆಯಬೇಕಾ, ‘ಹ್ಯಾವ್’ ಬರೆಯಬೇಕಾ?

ಕೇಳಿದವರು: ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ಅಫ್ಘಾನಿಸ್ತಾನದ ಬಗ್ಗೆ ಇಂಗ್ಲಿಷ್ ಪ್ರಬಂಧದಲ್ಲಿ ‘ದ ತಾಲಿಬಾನ್ ಹ್ಯಾಸ್’ ಅಂತ ಬರೆದಿದ್ದೆ. ಮೇಷ್ಟ್ರು ಹೊಡೆದುಹಾಕಿ ‘ಹ್ಯಾವ್’ ಮಾಡಿದರು. ಪತ್ರಿಕೆಗಳಲ್ಲಿ ಎರಡೂ ಕಾಣಿಸುತ್ತವೆ. ಹೆಸರಿನ ಅರ್ಥವೇನು? ಯಾವುದನ್ನು ಬರೆಯಲಿ? ಗೊತ್ತಿದ್ದವರು ದಯವಿಟ್ಟು ತಿಳಿಸಿ.

ಕಲಬುರಗಿಯ ಶಿಕ್ಷಕಿ: ನಮ್ಮ ಮನೆಮಾತು ಉರ್ದು. ‘ತಾಲಿಬ್-ಎ-ಇಲ್ಮ್’ ಅಂದರೆ ವಿದ್ಯೆಯನ್ನು ಅರಸುವವನು, ಅಂದರೆ ವಿದ್ಯಾರ್ಥಿ. ‘ತಾಲಿಬ್’ ಅರಬ್ಬಿ ಮಾತು. ಅದಕ್ಕೆ ಪಾರ್ಸಿಯ ‘ಆನ್’ ಸೇರಿದರೆ ಬಹುವಚನ, ‘ಸಾಹಿಬ್’ ಹೋಗಿ ‘ಸಾಹಿಬಾನ್’ ಆಗುವ ಹಾಗೆ. ಅಫ್ಘಾನಿಸ್ತಾನದ ಪಶ್ತೋ ಭಾಷೆಯಲ್ಲೂ ಇದೇ ರೂಪ. ತಾಲಿಬಾನ್ ಅಂದರೆ ವಿದ್ಯಾರ್ಥಿಗಳು, ಅಷ್ಟೇ. 1994ರಲ್ಲಿ ಕಂದಹಾರ್ ಕಡೆ ಈ ಸಂಘಟನೆ ಕಟ್ಟಿದ ಮುಲ್ಲಾ ಒಮರ್ ಜೊತೆ ಸೇರಿದವರಲ್ಲಿ ಮದರಸಾಗಳಲ್ಲಿ ಓದಿದ ಹುಡುಗರು ಬಹಳ. ಹೆಸರು ಬಂದದ್ದು ಹಾಗೆ.

ನನಗೆ ಈ ಮಾತು ಕೇಳಿದಾಗಲೆಲ್ಲ ಸಂಕಟವಾಗುತ್ತದೆ. ನಮ್ಮ ಅಜ್ಜಿ ನನ್ನನ್ನು ಹೆಮ್ಮೆಯಿಂದ ಕರೆಯುತ್ತಿದ್ದ ಮಾತದು. ಈಗ ಹೆಣ್ಣುಮಕ್ಕಳಿಗೆ ಆರನೇ ತರಗತಿಯಿಂದ ಮುಂದೆ ಶಾಲೆಯ ಬಾಗಿಲು ಮುಚ್ಚಿದವರ ಹೆಸರೂ ಅದೇ. ಪ್ರಬಂಧದಲ್ಲಿ ಅರ್ಥ ಬರೆಯುವಾಗ ‘ವಿದ್ಯಾರ್ಥಿಗಳು’ ಅಂತ ಸರಿಯಾಗಿ ಬರೆಯಿರಿ. ‘ಉಗ್ರರು’ ಅಂತ ಬರೆಯಬೇಡಿ. ಪಾಪ, ಆ ಮಾತಿನ ತಪ್ಪೇನಿಲ್ಲ.

ಅನುವಾದಕ, ಬೆಂಗಳೂರು: ನಿಮ್ಮ ಮೇಷ್ಟ್ರು ಹೇಳಿದ್ದು ಸರಿ. ಮೂಲದಲ್ಲೇ ಬಹುವಚನ, ಹಾಗಾಗಿ ‘ಹ್ಯಾವ್’. ಆದರೆ ‘ಹ್ಯಾಸ್’ ಕೂಡ ತಪ್ಪಲ್ಲ. ಅದನ್ನು ಬರೆಯುವವರು ಒಂದು ಸಂಘಟನೆ ಅಂತ ನೋಡುತ್ತಾರೆ. ನಾನು ಪೆಟ್ಟು ತಿಂದದ್ದು ಬೇರೆ ಕಡೆ. ವಾಕ್ಯದ ಶುರುವಿನಲ್ಲಿ ‘ಹ್ಯಾಸ್’ ಹಾಕಿ, ಮುಂದೆ ‘ದೆಯರ್ ಲೀಡರ್ಸ್’ ಅಂತ ಬರೆದುಬಿಟ್ಟಿದ್ದೆ. ಪರೀಕ್ಷಕರ ಕಣ್ಣಿಗೆ ಮೊದಲು ಬೀಳುವುದೇ ಇಂಥದ್ದು. ಒಂದನ್ನು ಹಿಡಿದರೆ ಕೊನೆಯವರೆಗೂ ಅದನ್ನೇ ಹಿಡಿಯಿರಿ. ಅನುಮಾನ ಬಂದರೆ ‘ತಾಲಿಬಾನ್ ಗವರ್ನಮೆಂಟ್ ಹ್ಯಾಸ್’, ‘ತಾಲಿಬಾನ್ ಫೈಟರ್ಸ್ ಹ್ಯಾವ್’ ಅಂತ ಬರೆಯಿರಿ, ಗೊಂದಲವೇ ಇರಲ್ಲ. ಒಬ್ಬನನ್ನು ‘ಎ ತಾಲಿಬಾನ್’ ಅನ್ನಬೇಡಿ, ‘ಒಂದು ವಿದ್ಯಾರ್ಥಿಗಳು’ ಅಂದಂತೆ ಆಗುತ್ತದೆ.

ದಮ್ಮಾಮ್‌ನಲ್ಲಿರುವ ಮಂಗಳೂರಿನವರು: ಅರಬ್ಬಿ ಕಲಿಯುವಾಗ ನನಗೆ ಆಶ್ಚರ್ಯವಾಗಿತ್ತು. ಅರಬ್ಬಿಯಲ್ಲಿ ಸಂಸ್ಕೃತದ ಹಾಗೆ ದ್ವಿವಚನ ಇದೆ. ಆ ಲೆಕ್ಕದಲ್ಲಿ ‘ತಾಲಿಬಾನ್’ ಅಂದರೆ ಇಬ್ಬರೇ ವಿದ್ಯಾರ್ಥಿಗಳು! ಜಾಸ್ತಿ ಜನಕ್ಕೆ ‘ತುಲ್ಲಾಬ್’. ಇಲ್ಲಿನ ಸುದ್ದಿಯಲ್ಲಿ ‘ಹರಕತ್ ತಾಲಿಬಾನ್’, ಅಂದರೆ ತಾಲಿಬಾನ್ ಚಳವಳಿ ಎನ್ನುತ್ತಾರೆ. ಕ್ರಿಯಾಪದ ಚಳವಳಿಗೆ ಹೊಂದಿಕೊಂಡು ಏಕವಚನದಲ್ಲಿ ಬರುತ್ತದೆ.

ಸುದ್ದಿಮನೆಯಲ್ಲಿದ್ದವರು, ಹುಬ್ಬಳ್ಳಿ: ಕನ್ನಡದ ಮಾತನ್ನೂ ಸೇರಿಸುತ್ತೇನೆ. 2021ರ ಆಗಸ್ಟ್ 15ರಂದು ಕಾಬೂಲ್ ಅವರ ಕೈಗೆ ಹೋದಾಗ ರಾತ್ರಿಯೆಲ್ಲ ಪುಟ ಕಟ್ಟುತ್ತಿದ್ದೆವು. ಒಂದು ಸುದ್ದಿಯಲ್ಲಿ ‘ತಾಲಿಬಾನ್ ಹೇಳಿದೆ’, ಪಕ್ಕದ್ದರಲ್ಲಿ ‘ತಾಲಿಬಾನಿಗಳು ನುಗ್ಗಿದರು’. ಹೊಸ ಹುಡುಗನೊಬ್ಬ ಎರಡನ್ನೂ ಒಂದೇ ಮಾಡಲು ಹೊರಟಿದ್ದ. ನಾನು ಬೇಡ ಅಂದೆ. ಹೇಳಿಕೆ ಕೊಟ್ಟದ್ದು ಸಂಘಟನೆ, ನುಗ್ಗಿದ್ದು ಮನುಷ್ಯರು. ‘ಸರ್ಕಾರ ಹೇಳಿತು, ಮಂತ್ರಿಗಳು ಹೇಳಿದರು’ ಅನ್ನುತ್ತೇವೆ ಅಲ್ವಾ, ಹಾಗೇ. ‘ತಾಲಿಬಾನಿಗಳು’ ಅನ್ನುವುದರಲ್ಲಿ ಬಹುವಚನ ಎರಡು ಸಲ ಬಂದಿದೆ, ನಿಜ. ಆದರೆ ‘ಉಲೇಮಾ’ (ಇಸ್ಲಾಂ ಧರ್ಮದ ವಿದ್ವಾಂಸರು) ಕೂಡ ಬಹುವಚನವೇ. ನಾವು ‘ಉಲೇಮಾಗಳು’ ಅಂತ ಬರೆಯಲ್ವಾ? ಅದನ್ನು ನಾನು ಯಾವತ್ತೂ ತಿದ್ದಿಲ್ಲ.